ಬನ್ನಿ, ಜೊತೆಯಾಗಿ ಏರೋಣ

ಪಿಂಚಣಿ ಕಚೇರಿಯ ಲಿಫ್ಟ್ ಕೆಟ್ಟಿಲ್ಲವೆಂದೂ, ಕೆಟ್ಟಿರುವುದು ಅದರ ಬಗ್ಗೆ ಮಾತನಾಡುವ ರೀತಿಯೆಂದೂ ಆಡಳಿತ ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಸರ್ವಾನುಮತವೆಂದರೆ ಲಿಫ್ಟಮ್ಮನದೂ ಸೇರಿ. ಅವರು ಕೈ ಎತ್ತಿದ್ದು ಮಾತನಾಡಲು ಅವಕಾಶ ಕೇಳುವುದಕ್ಕೆ. ಅದನ್ನು ಒಪ್ಪಿಗೆಯೆಂದು ಎಣಿಸಲಾಯಿತು.

ಲಿಫ್ಟಮ್ಮ ಎಂಬುದು ಅವರ ಹೆಸರಲ್ಲ. ಅವರು ಆ ಕಟ್ಟಡದ ನಿರ್ವಹಣಾಧಿಕಾರಿ, ಆ ಹುದ್ದೆಗೆ ಬಂದ ಮೊದಲ ಹೆಂಗಸು. ಬ್ರೇಕ್ ಸವೆದಿದೆ, ಹಗ್ಗದ ಎಳೆ ಬಿಚ್ಚಿದೆ, ಒಂದು ದಿನ ಯಾರನ್ನಾದರೂ ಬಲಿ ತೆಗೆದುಕೊಳ್ಳುತ್ತದೆ ಎಂದು ಪ್ರತಿ ಸಭೆಯಲ್ಲೂ ಬಾಯಿ ಬಡಿದುಕೊಂಡದ್ದಕ್ಕೆ ಸಹೋದ್ಯೋಗಿಗಳು ಕೊಟ್ಟ ಬಿರುದು ಅದು. ಪಿಂಚಣಿದಾರರು ವರ್ಷಕ್ಕೊಮ್ಮೆ ಆರನೇ ಮಹಡಿಗೆ ಖುದ್ದಾಗಿ ಬಂದು ಸಹಿ ಹಾಕಿ, ತಾವಿನ್ನೂ ಬದುಕಿದ್ದೇವೆಂದು ತೋರಿಸಿಕೊಳ್ಳಬೇಕಿತ್ತು. ಅಂಥವರಲ್ಲಿ ಲಿಫ್ಟಮ್ಮನ ಅತ್ತೆಯೂ ಒಬ್ಬರು. ಬದುಕಿದ್ದೇನೆಂದು ತೋರಿಸಲು ಹೋಗಿ ಅತ್ತೆ ಸತ್ತೇಹೋದರೆ ಏನು ಗತಿ ಎಂಬ ಚಿಂತೆ ಸೊಸೆಯನ್ನು ಕೊರೆಯುತ್ತಿತ್ತು.

ನಿರ್ದೇಶಕರು ಬಹಳ ಉದಾರಿಗಳು. "ನೋಡಮ್ಮಾ, ಹಗ್ಗ ಬದಲಾಯಿಸೋಕೆ ಅನುದಾನ ಇಲ್ಲ. ನಿಮ್ಮನ್ನ ಬದಲಾಯಿಸೋಕೆ ಇದೆ," ಎಂದರು. ಮಹಿಳಾ ನಾಯಕರ ಸಂವಹನ ಕೌಶಲ ಹಾಗೂ ವೈಯಕ್ತಿಕ ಬ್ರ್ಯಾಂಡ್ ನಿರ್ಮಾಣ ಯೋಜನೆ ಮರುದಿನವೇ ಜಾರಿಗೆ ಬಂತು. ಕಚೇರಿಯಲ್ಲಿ ಮಹಿಳಾ ನಾಯಕರು ಒಬ್ಬರೇ ಇದ್ದುದರಿಂದ, ಉಳಿದ ಕುರ್ಚಿಗಳನ್ನು ಗಂಡಸರು ತುಂಬಿಕೊಟ್ಟರು.

ತರಬೇತುದಾರರು ಲಿಫ್ಟಮ್ಮನ ಸುತ್ತ ಒಂದು ಸುತ್ತು ಹಾಕಿ ನೋಡಿದರು. "ಎಲ್ಲಿ ಮೇಡಂ, ನಿಮ್ಮ ವಿಷಯ ಒಂದ್ಸಲ ಹೇಳಿ."

"ಲಿಫ್ಟ್ ಕೆಟ್ಟಿದೆ. ಹತ್ತಬೇಡಿ."

"ಅಯ್ಯಯ್ಯೋ! ಹೇಳಿದ್ದೇ ಎರಡು ಮಾತು, ಎರಡೂ ಅಪಶಕುನ. ಕೇಳೋರಿಗೆ ಹುರುಪು ಎಲ್ಲಿಂದ ಬರಬೇಕು? ನಗ್ತಾ ಹೇಳಿ."

ಲಿಫ್ಟಮ್ಮ ಹಲ್ಲು ಕಿರಿದು, "ಲಿಫ್ಟ್ ಕೆಟ್ಟಿದೆ," ಎಂದರು.

"ಈಗ ಇನ್ನೂ ಭಯ ಆಗ್ತಿದೆ," ಎಂದರು ತರಬೇತುದಾರರು.

ಸಂಜೆಯೊಳಗೆ ಸುತ್ತೋಲೆ ಹೊರಟಿತು: 'ಕಚೇರಿಯ ಆವರಣದಲ್ಲಿ ಕೆಟ್ಟಿದೆ, ಬೇಡ, ಅಪಾಯ ಎಂಬ ಪದಗಳನ್ನು ನಿಷೇಧಿಸಲಾಗಿದೆ. ನಗುವಿಲ್ಲದೆ ಆಡಿದ ಮಾತನ್ನು ಆಡಿದಂತೆ ಪರಿಗಣಿಸತಕ್ಕದ್ದಲ್ಲ.' ಲಿಫ್ಟಿನ ಬಾಗಿಲಿಗೆ ಲಿಫ್ಟಮ್ಮ ಅಂಟಿಸಿದ್ದ ಎಚ್ಚರಿಕೆಯ ಚೀಟಿ ಇದರಿಂದ ನಿಯಮಬಾಹಿರವಾಯಿತು. ಅದನ್ನು ಕಿತ್ತು, ಆ ಜಾಗದಲ್ಲಿ ಅವರದೇ ಆಳೆತ್ತರದ ಫೋಟೋ ಹಾಕಿದರು: ಎದೆಯ ಮೇಲೆ ಕಟ್ಟಿದ ಕೈ, ಎತ್ತಿದ ಗದ್ದ, ತುಟಿ ಬಿಚ್ಚದ ಮಂದಹಾಸ. ಕೆಳಗೆ ಬ್ರ್ಯಾಂಡ್ ವಾಕ್ಯ: 'ಬನ್ನಿ, ಜೊತೆಯಾಗಿ ಏರೋಣ!'

"ನಿನ್ನ ಫೋಟೋ ಹಾಕಿದಾರಂತಲ್ಲೇ, ಏನಂತ ಬರೆದಿದಾರೆ?" ಎಂದು ಅಂದು ರಾತ್ರಿ ಅತ್ತೆ ತಟ್ಟೆಯ ಮುಂದೆ ಕೂತು ಕೇಳಿದರು.

"ಬನ್ನಿ ಅಂತ."

"ಬರಬೇಡಿ ಅಂತ ಅಲ್ವಾ ನೀನು ಬಡ್ಕೊಳ್ತಿದ್ದಿದ್ದು?"

"ಅದು ನನ್ನ ಅಭಿಪ್ರಾಯ ಅತ್ತೆ. ಇದು ನನ್ನ ಬ್ರ್ಯಾಂಡ್."

"ಹೇಗೂ ಕರ್ದಿದೀಯ, ನಾಳೆ ಬಂದು ಸಹಿ ಹಾಕಿ ಹೋಗ್ತೀನಿ ಬಿಡು," ಎಂದರು ಅತ್ತೆ.

ಮರುದಿನ ಆರನೇ ಮಹಡಿಯಲ್ಲಿ ತರಬೇತಿಯ ಸಮಾರೋಪ. ಬೆಳಿಗ್ಗೆಯಿಂದಲೂ ಲಿಫ್ಟಮ್ಮ ತಮ್ಮ ಫೋಟೋಗೆ ಬೆನ್ನು ಕೊಟ್ಟು ನಿಂತು, ಫೋಟೋ ಕರೆದವರನ್ನೆಲ್ಲ ಮೆಟ್ಟಿಲ ಕಡೆಗೆ ಅಟ್ಟುತ್ತಿದ್ದರು. ನಿರ್ದೇಶಕರೂ ತರಬೇತುದಾರರೂ ಬಂದರು. "ಸರ್, ದಯವಿಟ್ಟು ಮೆಟ್ಟಿಲಲ್ಲಿ ಹೋಗಿ," ಎಂದು ಲಿಫ್ಟಮ್ಮ ಅಂಗಲಾಚಿದರು. ನಗುವಿರಲಿಲ್ಲವಾದ್ದರಿಂದ ಅದನ್ನು ಯಾರೂ ಪರಿಗಣಿಸಲಿಲ್ಲ. ನಿರ್ದೇಶಕರು ಫೋಟೋ ಓದಿ, "ನೀವೇ ಕರೀತಿದೀರಲ್ಲಮ್ಮಾ!" ಎಂದು ತರಬೇತುದಾರರೊಡನೆ ಒಳಗೆ ಕಾಲಿಟ್ಟರು. ಅವರ ಹಿಂದೆಯೇ ನುಗ್ಗುತ್ತಿದ್ದ ಅತ್ತೆಯ ರಟ್ಟೆ ಹಿಡಿದು ಸೊಸೆ ಹೊರಗೆಳೆದುಕೊಂಡರು. ಬಾಗಿಲು ಮುಚ್ಚಿತು. ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಏನೋ ಕಿತ್ತುಬಂದ ಸದ್ದಾಗಿ ಲಿಫ್ಟ್ ನಿಂತುಬಿಟ್ಟಿತು.

"ಕೆಟ್ಟಿದೆ! ಅಪಾಯ! ತೆಗೀರ್ರೋ!" ಎಂದು ಒಳಗಿನಿಂದ ನಿರ್ದೇಶಕರು ಅರಚಿದರು. ನಾಲ್ಕನೇ ಮಹಡಿಯಲ್ಲಿ ಸೇರಿದ ಸಿಬ್ಬಂದಿ ಶಿಸ್ತಿನವರು; ಸುತ್ತೋಲೆಯ ಪ್ರಕಾರ ಯಾರೂ ಏನೂ ಹೇಳಿಲ್ಲವಾದ್ದರಿಂದ ಸುಮ್ಮನೆ ನಿಂತರು.

ಮೆಟ್ಟಿಲು ಹತ್ತಿ ಓಡಿಬಂದ ಲಿಫ್ಟಮ್ಮ ಬಾಗಿಲಿನ ಸಂದಿಗೆ ಬಾಯಿಟ್ಟು, "ಸರ್, ನಗ್ತಾ ಹೇಳಿ," ಎಂದರು. ಅವರಿಗೆ ಒಳಗೊಳಗೇ ಬಹಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು.

ಒಳಗೆ ಗುಸುಗುಸು ನಡೆಯಿತು. ತರಬೇತುದಾರರು ಹೇಳಿಕೊಡುತ್ತಿದ್ದರು. ಆಮೇಲೆ ನಿರ್ದೇಶಕರ ನಡುಗುವ ದನಿ ಬಂತು: "ಹಹ್ಹಹ್ಹ... ನಾವು ಒಂದು ಎತ್ತರಕ್ಕೆ ಏರಿ, ಅಲ್ಲೇ ಗಟ್ಟಿಯಾಗಿ ನೆಲೆ ನಿಂತಿದೀವಿ!"

ಸಿಬ್ಬಂದಿ ಚಪ್ಪಾಳೆ ತಟ್ಟಿದರು.

"ಲಿಫ್ಟ್ ದುರಸ್ತಿಗೆ ಒಪ್ಪಿಗೆ ಕೊಡ್ತೀರಾ ಸರ್?"

"ಕೊಟ್ಟೆ ಕಣಮ್ಮಾ, ಕೊಟ್ಟೆ! ನಿನ್ನ ದಮ್ಮಯ್ಯ!"

ಲಿಫ್ಟಮ್ಮನಿಗೆ ಕಣ್ಣಲ್ಲಿ ನೀರೇ ಬಂತು. ತಾರಸಿಯ ಮೇಲಿನ ಯಂತ್ರದ ಕೋಣೆಗೆ ಓಡಿ, ಲಿಫ್ಟನ್ನು ಎಳೆಯುವ ಕೈಚಕ್ರ ತಿರುಗಿಸಿ, ಲಿಫ್ಟನ್ನು ನಾಲ್ಕನೇ ಮಹಡಿಗೆ ತಂದು ಇಬ್ಬರನ್ನೂ ಇಳಿಸಿದರು. ಆ ಸಂಭ್ರಮದಲ್ಲಿ ಒಂದನ್ನು ಮಾತ್ರ ಮರೆತಿದ್ದರು. ಒಪ್ಪಿಗೆ ಕೊಡುವಾಗ ನಿರ್ದೇಶಕರು ನಕ್ಕಿರಲಿಲ್ಲ. ಆದ್ದರಿಂದ ಅದನ್ನು ಕೊಟ್ಟಂತೆ ಪರಿಗಣಿಸಲಾಗದೆಂದು ಆಡಳಿತ ಸಭೆ ವಿಷಾದದಿಂದ ತಿಳಿಸಿತು.

ಲಿಫ್ಟ್ ಈಗ 'ಎತ್ತರದಲ್ಲಿ ನೆಲೆ ನಿಂತಿದೆ'. ಉಳಿದ ಅನುದಾನದಲ್ಲಿ ಲಿಫ್ಟಮ್ಮನ ಫೋಟೋವನ್ನು ಮೆಟ್ಟಿಲಿನ ಪ್ರತಿ ತಿರುವಿಗೂ ಹಾಕಿಸಿದ್ದಾರೆ. ಆರನೇ ಮಹಡಿಯವರೆಗೆ ಹತ್ತಿ ಬಂದವರು ಬದುಕಿದ್ದಾರೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲವೆಂದು ಸಹಿಯನ್ನೂ ರದ್ದು ಮಾಡಿದ್ದಾರೆ. ಬಾರದವರು ಖುದ್ದಾಗಿ ಬಂದು ಕಾರಣ ತಿಳಿಸತಕ್ಕದ್ದು. ಕೆಲಸ ಎಷ್ಟು ಸರಳವಾಯಿತೆಂದು ಎಲ್ಲರೂ ಮೆಚ್ಚಿಕೊಂಡಿದ್ದಾರೆ.

ಅತ್ತೆ ಸೊಸೆಯ ಭುಜ ಹಿಡಿದು, ಏದುಸಿರು ಬಿಡುತ್ತಾ ಮೂರನೇ ಮಹಡಿಯ ಫೋಟೋದ ಕೆಳಗೆ ಕುಸಿದು ಕೂತರು. ತಲೆ ಎತ್ತಿ ನೋಡಿದರು. "ಚೆನ್ನಾಗಿ ಬಂದಿದೆ ಕಣೇ. ನೀನೇ ಅಂತ ಗೊತ್ತೇ ಆಗಲ್ಲ, ಬಾಯಿ ಮುಚ್ಕೊಂಡಿದೀಯ."

ಲಿಫ್ಟಮ್ಮನಿಗೆ ತಡೆಯಲಾಗದೆ ನಗು ಬಂತು. ಮೆಟ್ಟಿಲಿಳಿದು ಬರುತ್ತಿದ್ದ ನಿರ್ದೇಶಕರು ಅದನ್ನು ನೋಡಿದರು. ಅದನ್ನೂ ಒಪ್ಪಿಗೆಯೆಂದು ಎಣಿಸಲಾಯಿತು.