ಸತ್ತ ಹಾರ್ಡ್ ಡಿಸ್ಕಿನ ಎದುರು ಕೂತವರು

ಶಿಕಾರಿಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಹಳೇ ಕಂಪ್ಯೂಟರಿನಿಂದ ಫೈಲ್ ತೆಗೆದುಕೊಡಿ ಎಂದು ಯಾರಾದರೂ ಬಂದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಕೆಟ್ಟ ಕೀಬೋರ್ಡನ್ನೋ ಫ್ಯಾನನ್ನೋ ಬದಲಾಯಿಸಿಕೊಡಬಹುದು. ಹಾರ್ಡ್ ಡಿಸ್ಕಿನಲ್ಲಿದ್ದದ್ದು ನನ್ನ ಕೈಯಲ್ಲೇ ಹೋಗಿಬಿಟ್ಟರೆ ಎಲ್ಲಿಂದ ತಂದುಕೊಡಲಿ? ತಂದವರು ಎದುರಿನ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಾರೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೂತವರ ಹಾಗೆ. ನಾನು ಹುಬ್ಬು ಗಂಟಿಕ್ಕಿದರೆ ಅವರ ಎದೆ ಧಸಕ್ಕೆನ್ನುತ್ತದೆ, ಅವರನ್ನು ನೋಡಿ ನನ್ನದೂ. ಇಷ್ಟೆಲ್ಲ ಗಾಬರಿಯ ಮಧ್ಯೆಯೂ ನಗು ಬರುವಂಥದ್ದು ತಿಂಗಳಿಗೊಂದಾದರೂ ನಡೆದೇ ನಡೆಯುತ್ತದೆ.

ಒಳಗೇ ಇತ್ತು

ಈಸೂರಿನ ಕಡೆಯ ರೈತರೊಬ್ಬರು ಹಳೇ ಸಿಪಿಯು ಒಂದನ್ನು ಹೆಗಲ ಮೇಲೆ ಹೊತ್ತು ತಂದರು. ರಿಪೇರಿ ಮಾಡುವವರು ಯಾವಾಗ ಬರ್ತಾರಮ್ಮ ಎಂದು ನನ್ನನ್ನೇ ಕೇಳಿದರು. ನಾನೇ ಅಂದೆ. ಒಂದು ಗಳಿಗೆ ಯೋಚಿಸಿ ಕೆಳಗಿಳಿಸಿದರು.

ತೀರಿಹೋದ ಅವರ ತಂದೆ ಕೊನೆಗಾಲದಲ್ಲಿ ಒಂದೇ ಮಾತು ಹೇಳಿದ್ದರಂತೆ: ಹೊಲದ ಪಾಲುಪತ್ರ ಕಂಪ್ಯೂಟರಿನಲ್ಲಿದೆ. ಮೂರು ದಿನ ಬಿಟ್ಟು ಸರ್ವೆಯವರು ಬರುವವರಿದ್ದರು. ಪತ್ರ ಇಲ್ಲದಿದ್ದರೆ ಬಾವಿ ಇರುವ ತುಂಡು ದಾಯಾದಿಗಳ ಪಾಲಾಗುತ್ತದೆ ಎಂದು ಅವರಿಗೆ ನಿದ್ದೆಯಿರಲಿಲ್ಲ. ಕೇಳಿದ ಮೇಲೆ ನನಗೂ ಇರಲಿಲ್ಲ.

ಒಂದು ಬದಿಯ ಮುಚ್ಚಳ ತೆಗೆದು, ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಹಾಕಿದೆ. ಎರಡು ದಿನ ಹುಡುಕಿದೆ. ಅಳಿಸಿ ಹಾಕಿದ ಫೈಲುಗಳನ್ನೂ ಬಿಡಲಿಲ್ಲ. ಇಸ್ಪೀಟಿನ ಆಟವೊಂದು, ಒಂದಿಷ್ಟು ಭಜನೆ, ಮಕ್ಕಳು ಬರೆದ ಆನೆಯ ಚಿತ್ರ. ಪಾಲುಪತ್ರ ಮಾತ್ರ ಇಲ್ಲ.

ಮೂರನೇ ದಿನ ಬೆಳಿಗ್ಗೆ ಅವರು ತಾಯಿಯನ್ನೂ ಕರೆದುಕೊಂಡು ಬಂದರು. ಸಿಗಲಿಲ್ಲ ಎಂದು ಹೇಳಿ ಡಿಸ್ಕನ್ನು ಅವರ ಮುಂದಿಟ್ಟೆ. ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ತಾಯಿ ಮಾತ್ರ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದರು.

"ಅವರಿಗೆ ಅದನ್ನ ಆನ್ ಮಾಡಾಕೇ ಬರ್ತಿರಲಿಲ್ಲ. ಸ್ಕ್ರೂ ಬಿಚ್ಚಿ ಒಳಗೆ ಇಟ್ಟಿದ್ರು, ನಾನೇ ನೋಡೀನಿ. ಆ ಕಡೆ ಮುಚ್ಚಳ ತೆಗೀರಿ."

ನಾವು ರಿಪೇರಿಯವರು ಆ ಬದಿಯ ಮುಚ್ಚಳ ತೆಗೆಯುವುದೇ ಅಪರೂಪ. ತೆಗೆದೆ. ಬೋರ್ಡಿನ ಹಿಂದಿನ ಸಂದಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಛಾಪಾ ಕಾಗದ ಬೆಚ್ಚಗೆ ಕೂತಿತ್ತು. ಮಗ ಅದನ್ನು ಕಣ್ಣಿಗೊತ್ತಿಕೊಂಡರು. ತಾಯಿ ಎದ್ದು ಸೆರಗು ಸರಿಮಾಡಿಕೊಂಡು ಮಗನಿಗೆ ಹೇಳಿದರು:

"ಸರ್ವೆಯೋರು ಹೋದ ಮ್ಯಾಲೆ ತಿರುಗಿ ಅಲ್ಲೇ ಇಡಪ್ಪ. ಎರಡು ದಿನ ಹುಡುಕಿದ್ರೂ ಇವರಿಗೇ ಸಿಕ್ಕಿಲ್ಲ."

ಅಮ್ಮನ ಹಾಡು

ಸೊರಬದ ಅಂಗನವಾಡಿ ಶಿಕ್ಷಕಿಯೊಬ್ಬರು ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಅವರ ಅಮ್ಮ ಸೋಬಾನೆ ಪದಕ್ಕೆ ಹೆಸರಾದವರು. ತೀರಿಕೊಂಡು ಎರಡು ವರ್ಷ. ಮಗಳು ಎಂದೋ ಒಂದು ಸಲ ರೆಕಾರ್ಡ್ ಮಾಡಿದ ಹಾಡು ಈ ಡಿಸ್ಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಡಿಸ್ಕ್ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದು ನಮಗೆ ಕೆಟ್ಟ ಸೂಚನೆ. ಪ್ರತಿ ಸಲ ಕರೆಂಟು ಕೊಟ್ಟಾಗಲೂ ಅದೇ ಕೊನೆಯದಾಗಬಹುದು ಎಂದು ಅವರಿಗೆ ಮೊದಲೇ ಹೇಳಿದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನಾನು ಎರಡು ಸಲ ವಾಪಸು ತೆಗೆದದ್ದನ್ನು ನೋಡಿ, ಹೆದರಿಕೆಯಾದರೆ ನಾಳೆ ಮಾಡೋಣ ಮೇಡಂ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಒಂದು ಫೈಲ್ ಸಿಕ್ಕಿತು. ಸ್ಪೀಕರ್ ಹಾಕಿದೆ. ಇಬ್ಬರೂ ಅದರ ಕಡೆ ಬಾಗಿ ಕೂತೆವು.

"ಅದೆಂತದೇ ಕೈಯಲ್ಲಿ? ಆಚೆ ಇಡು. ಒಲೆ ಮೇಲೆ ಹಾಲಿದೆ, ನಿಂಗೆ ಹಾಡು ಬೇಕಾ?"

ಅಲ್ಲಿಂದ ಶುರುವಾದದ್ದು ಎರಡು ನಿಮಿಷ ನಿಲ್ಲಲಿಲ್ಲ. ಪಕ್ಕದ ಮನೆಗೆ ಕೊಟ್ಟ ಪಾತ್ರೆ ವಾಪಸು ಬಂದಿಲ್ಲ, ದನಕ್ಕೆ ನೀರು ಇಟ್ಟಿಲ್ಲ, ತಲೆ ಬಾಚದೆ ಹೀಗೇ ಊರೆಲ್ಲ ಸುತ್ತುತ್ತೀಯಾ. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಹಾಡಿನ ಮೊದಲ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಫೈಲ್ ಮುಗಿದುಹೋಯಿತು. ಮುಂದಿನದನ್ನು ಡಿಸ್ಕ್ ನುಂಗಿಬಿಟ್ಟಿತ್ತು.

ನಾನು ತಲೆ ತಗ್ಗಿಸಿ, ಹಾಡು ಉಳಿಸಿಕೊಡಲು ಆಗಲಿಲ್ಲ ಎಂದೆ. ಅವರು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು.

"ಹಾಡು ಊರಿಗೆಲ್ಲ ಹಾಡ್ತಿದ್ರು ಮೇಡಂ. ಬೈಗುಳ ನಂಗೊಬ್ಬಳಿಗೇ ಆಗಿತ್ತು."

ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ. ತಲೆ ಬಾಚುವ ಮಾತು ಬರುವ ಮುಂಚೆಯೇ ಬ್ಯಾಗಿನಿಂದ ಬಾಚಣಿಗೆ ತೆಗೆದಿದ್ದರು.

ನಗುವ ನೆಂಟರು

ನಮ್ಮೂರ ಫೋಟೋಗ್ರಾಫರ್ ಒಬ್ಬರು ಕೈತಪ್ಪಿ ಸ್ಟುಡಿಯೋ ಕಂಪ್ಯೂಟರನ್ನು ಪೂರ್ತಿ ಅಳಿಸಿಬಿಟ್ಟಿದ್ದರು. ಅದರಲ್ಲಿ ಆ ತಿಂಗಳ ಮೂರು ಮದುವೆಗಳಿದ್ದವು. ಇನ್ನೊಂದು ಸಲ ಮದುವೆ ಮಾಡಿಕೊಳ್ಳಿ ಎಂದು ಯಾರಿಗೆ ಹೇಳಲಿ ಎಂದು ಕೇಳುತ್ತಾ ಅಂಗಡಿಯಲ್ಲೇ ಕೂತರು. ಮನೆಯಿಂದ ಊಟ ಬಂದರೂ ಮುಟ್ಟಲಿಲ್ಲ.

ಫೋಟೋಗಳೆಲ್ಲ ಬಂದವು. ಆದರೆ ಯಾವುದಕ್ಕೂ ಹೆಸರಿಲ್ಲ, ತಾರೀಕಿಲ್ಲ, ಮೂರು ಮದುವೆಯೂ ಕಲಸಿಹೋಗಿದ್ದವು. ಇಬ್ಬರೂ ಕೂತು ಬೇರೆ ಮಾಡಿದೆವು. ಮದುವೆಯ ಹೆಣ್ಣು ಗಂಡುಗಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ನೆಂಟರ ವಿಷಯದಲ್ಲಿ ಅಂದಾಜೇ ಗತಿ. ಅಂತೂ ಆಲ್ಬಂಗಳು ಹೋದವು.

ಹತ್ತು ತಿಂಗಳ ಮೇಲೆ ಆತ ಬಿಳಿಚಿಕೊಂಡು ಬಂದರು. ತೊಗರ್ಸಿಯ ಮದುವೆಗೆ ಬಂದಿದ್ದ ದಪ್ಪ ಮೀಸೆಯ ಮನುಷ್ಯರೊಬ್ಬರು ಅಂಬ್ಲಿಗೊಳದವರ ಆಲ್ಬಂನಲ್ಲಿ ಮೂರು ಪುಟ ನಗುತ್ತಾ ನಿಂತಿದ್ದಾರೆ, ಈಗ ಆ ಮನೆಯವರು ಅವರ ವಿಷಯ ಮಾತಾಡಬೇಕು ಎಂದು ಫೋನ್ ಮಾಡಿ ಬರಹೇಳಿದ್ದಾರೆ. ಹೋಗಿ ತಪ್ಪೊಪ್ಪಿಕೊಂಡುಬಿಡಿ ಎಂದು ನಾನೇ ಕಳಿಸಿದೆ. ಏನು ರಾದ್ಧಾಂತವಾಗುತ್ತದೋ ಎಂದು ಸಂಜೆವರೆಗೂ ನನಗೆ ಕೆಲಸ ಓಡಲಿಲ್ಲ.

ತಿರುಗಿ ಬಂದು ಆತ ವರದಿ ಒಪ್ಪಿಸಿದರು. ಹೆಣ್ಣಿನ ಕಡೆಯವರು ಆ ಮೀಸೆಯವರನ್ನು ಗಂಡಿನ ಕಡೆಯವರು ಅಂದುಕೊಂಡಿದ್ದರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಅಂದುಕೊಂಡಿದ್ದರು. ಯಾರು ಎಂದು ಕೇಳಿದರೆ ಬೀಗರು ಬೇಸರ ಮಾಡಿಕೊಂಡಾರೆಂದು ಎರಡೂ ಕಡೆಯವರು ಬಾಯಿ ಬಿಟ್ಟಿರಲಿಲ್ಲ. ಈಗ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಷ್ಟು ನಗುಮುಖದ ಹಿರಿಯರನ್ನು ಬಿಡುವುದು ಹೇಗೆ, ಅವರ ನಂಬರ್ ನಿಮ್ಮಲ್ಲಿದೆಯಾ ಎಂದು ಕೇಳಲು ಕರೆಸಿದ್ದರಂತೆ.

ಈತ ತಪ್ಪೊಪ್ಪಿಕೊಳ್ಳುವುದನ್ನು ಬಿಟ್ಟು, ತೊಗರ್ಸಿಯವರಿಂದ ನಂಬರ್ ಹುಡುಕಿ ಕೊಟ್ಟೇಬಿಟ್ಟರು. ತೊಟ್ಟಿಲ ಫೋಟೋಗಳನ್ನೂ ಇವರೇ ತೆಗೆದರು. ಅದರಲ್ಲೂ ನಾಲ್ಕು ಕಡೆ ಮೀಸೆಯವರು ನಗುತ್ತಾ ನಿಂತಿದ್ದಾರೆ. ಈ ಸಲ ನಿಜವಾಗಿ ಬಂದಿದ್ದರು.

ಎಂಟು ವರ್ಷದ ಗ್ರಂಥ

ಸೊರಬದ ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಬಂದದ್ದು ಒಂದು ಸೋಮವಾರ. ಮಾತೆಲ್ಲ ಹೆಂಡತಿಯದೇ. ಮೇಷ್ಟ್ರು ತಮ್ಮ ಊರಿನ ಇತಿಹಾಸ ಬರೆಯುತ್ತಿದ್ದರು, ಎಂಟು ವರ್ಷದಿಂದ, ದಿನಾ ಸಂಜೆ ನಾಲ್ಕರಿಂದ ಏಳರವರೆಗೆ, ಕೋಣೆಯ ಬಾಗಿಲು ಹಾಕಿಕೊಂಡು. ಏಕಾಗ್ರತೆ ಕೆಡಬಾರದೆಂದು ಆಕೆ ಕಾಫಿಯನ್ನೂ ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದರು. ನಾನೂರು ಪುಟ ದಾಟಿತ್ತಂತೆ. ಈಗ ಕಂಪ್ಯೂಟರ್ ಸತ್ತು ಕೂತಿದೆ.

ಮೇಷ್ಟ್ರು, ಹೋದರೆ ಹೋಗಲಿ ಬಿಡೇ, ಎಲ್ಲ ನಶ್ವರ ಎಂದರು. ಎಂಥ ದೊಡ್ಡ ಮನಸ್ಸು ಎಂದು ನನಗೆ ಗೌರವ ಉಕ್ಕಿ ಬಂತು. ಹೇಗಾದರೂ ಮಾಡಿ ಉಳಿಸಲೇಬೇಕು ಎಂದು ಪಣ ತೊಟ್ಟೆ.

ನಾಲ್ಕು ದಿನ ಹಿಡಿಯಿತು. ಕೊನೆಗೂ ಡಿಸ್ಕ್ ತೆರೆದುಕೊಂಡಾಗ ಅರವತ್ತೊಂದು ಫೈಲ್ ಸಿಕ್ಕವು. ಇತಿಹಾಸ, ಇತಿಹಾಸ ಹೊಸದು, ಇತಿಹಾಸ ಕೊನೆಯದು, ಇತಿಹಾಸ ನಿಜವಾಗಿ ಕೊನೆಯದು. ಮೊದಲನೆಯದನ್ನು ತೆರೆದೆ. 'ನಮ್ಮ ಊರು ಬಹಳ ಹಳೆಯದು' ಎಂದಿತ್ತು. ಅಷ್ಟೇ. ಎರಡನೆಯದರಲ್ಲಿ 'ನಮ್ಮ ಊರು ಅತ್ಯಂತ ಪ್ರಾಚೀನವಾದುದು.' ಮೂರನೆಯದರಲ್ಲಿ 'ಪ್ರಾಚೀನವಾದ ಊರು ನಮ್ಮದು.' ಅರವತ್ತೊಂದರಲ್ಲೂ ಒಂದೊಂದೇ ವಾಕ್ಯ.

ನನ್ನ ಜೀವವೇ ಬಾಯಿಗೆ ಬಂತು. ಉಳಿದ ನಾನೂರು ಪುಟವನ್ನು ತೆಗೆಯುವಾಗ ನಾನೇ ಹಾಳು ಮಾಡಿದೆನೇನೋ ಎಂದು ಇಡೀ ದಿನ ಮೊದಲಿಂದ ಹುಡುಕಿದೆ. ಡಿಸ್ಕಿನ ಇಂಚಿಂಚು ಜಾಲಾಡಿದ ಮೇಲೆ ಖಾತ್ರಿಯಾಯಿತು. ಏನೂ ಹಾಳಾಗಿರಲಿಲ್ಲ, ಏನೂ ಕಳೆದಿರಲಿಲ್ಲ. ಮಿಕ್ಕ ಜಾಗವೆಲ್ಲ ಚದುರಂಗದ ಆಟ. ಒಂದೊಂದು ಆಟವನ್ನೂ ಜೋಪಾನವಾಗಿ ಉಳಿಸಿಟ್ಟಿದ್ದರು.

ಫೋನ್ ಮಾಡಿ ಬರಹೇಳಿದೆ. ಹೆಂಡತಿ ದೇವಸ್ಥಾನಕ್ಕೆ ಹಣ್ಣುಕಾಯಿ ಮಾಡಿಸಲು ಹೋಗಿದ್ದರಿಂದ ಮೇಷ್ಟ್ರು ಒಬ್ಬರೇ ಮೊದಲು ಬಂದರು. ಸಿಕ್ತಾ ಎಂದು ಮೆಲ್ಲಗೆ ಕೇಳಿದರು. ಎಲ್ಲಾ ಸಿಕ್ಕಿತು ಸರ್ ಎಂದೆ. ಅವರ ಮುಖ ಇಳಿದುಹೋಯಿತು.

"ನೋಡಮ್ಮ, ಅವಳು ಬರೋದರೊಳಗೆ ಒಂದು ಉಪಕಾರ ಮಾಡು. ಎಲ್ಲಾ ಹೋಯ್ತು ಅಂತ ಹೇಳಿಬಿಡು."

ಹದಿನಾರು ವರ್ಷದಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ಅಷ್ಟರಲ್ಲಿ ಆಕೆ ಕುಂಕುಮ ಪ್ರಸಾದ ಹಿಡಿದು ಮೆಟ್ಟಿಲು ಹತ್ತಿದರು. ಸುಳ್ಳು ಹೇಳಲಾರದೆ, ನಿಜವನ್ನೂ ಹೇಳಲಾರದೆ, ನಾನೂರು ಪುಟ ಸಿಗಲಿಲ್ಲಮ್ಮ ಎಂದೆ. ಮೇಷ್ಟ್ರು ಶಲ್ಯದಿಂದ ಕಣ್ಣೊರೆಸಿಕೊಂಡರು. ಚೆನ್ನಾಗಿಯೇ ಒರೆಸಿಕೊಂಡರು.

ಆಕೆ ಪ್ರಸಾದವನ್ನು ಮೇಜಿನ ಮೇಲಿಟ್ಟು, ಗಂಡನ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟರು.

"ಹೋಗ್ಲಿ ಬಿಡಿ. ಎಂಟು ವರ್ಷ ಬರೆದದ್ದು ತಲೆಯಲ್ಲಿ ಇದ್ದೇ ಇರುತ್ತೆ. ನಾಳೆ ಸಂಜೆಯಿಂದ ನೀವು ಹೇಳ್ತಾ ಹೋಗಿ, ನಾನು ಪಕ್ಕದಲ್ಲೇ ಕೂತು ಬರ್ಕೋತೀನಿ. ನಾನೂರು ಪುಟ ಆಗೋವರೆಗೆ ಏಳೋದೇ ಬೇಡ."

ಮೇಷ್ಟ್ರ ಕಣ್ಣಲ್ಲಿ ಆಗ ಬಂದದ್ದು ನಿಜವಾದ ನೀರು.