ಎಂಬತ್ತೆಂಟು ಕಿಲೋದ ನುಕಾಗಾ

ನುಕಾಗಾನ ಸಂಜೆಯ ಬಿಯರಿಗೆ ಕಲ್ಲು ಹಾಕಿದ್ದು ಕಚೇರಿಯ ಆರೋಗ್ಯ ತಪಾಸಣೆಯ ಅಳತೆ ಟೇಪು. ಗಂಡಸರ ಸೊಂಟ ಎಂಬತ್ತೈದು ಸೆಂಟಿಮೀಟರು ದಾಟಬಾರದು, ಅವನದು ತೊಂಬತ್ತೆಂಟು. ಚೀಟಿ ಓದಿದ ಹೆಂಡತಿ ಸಾವಾಕೊ ಫ್ರಿಜ್ಜಿನ ಬಿಯರನ್ನೆಲ್ಲ ತವರಿಗೆ ಸಾಗಿಸಿ, "ಎಂಬತ್ತೈದಕ್ಕೆ ಇಳೀರಿ, ಆಮೇಲೆ ಕುಡೀರಿ" ಎಂದಳು. ದಿನವಿಡೀ ಮೇಲಧಿಕಾರಿಗೆ ತಲೆಬಾಗಿ ಬರುವವನಿಗೆ ಆ ಒಂದು ಡಬ್ಬಿಗಿಂತ ದೊಡ್ಡ ಸುಖ ಬೇರೊಂದಿರಲಿಲ್ಲ. ಪಾಪ, ಬಾಕ್ಸಿಂಗ್ ಕಲಿತು ಬೊಜ್ಜು ಕರಗಿಸಿಯೇ ಬಿಡುತ್ತೇನೆಂದು ಶನಿವಾರ ಬೆಳಿಗ್ಗೆಯೇ ಜಿಮ್ಮು ಹುಡುಕಿಕೊಂಡು ಹೊರಟ.

ತಪ್ಪಿದ್ದೆಲ್ಲಿ ಎಂದರೆ, ಅವನು ದಾರಿ ಕೇಳಿದ್ದು ಹಿರಾಮಾ ಅಜ್ಜಿಯನ್ನು. ಅಮಗಾಸಾಕಿ ಪಟ್ಟಣದ ಅವನ ಓಣಿಯ ಸಂಘಕ್ಕೆ ಆಕೆಯೇ ಅಧ್ಯಕ್ಷೆ. ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆಯ ಹಲಗೆ ಕಂಕುಳಲ್ಲೇ ಇತ್ತು.

"ಬಾಕ್ಸಿಂಗಾ? ಯಾರಿಗಪ್ಪಾ ಗುದ್ದಬೇಕು?"

"ನನ್ನ ಹೊಟ್ಟೆಗೇ ಅಜ್ಜಿ."

ಅಜ್ಜಿ ನಗಲಿಲ್ಲ. ಮೂರು ಜಿಮ್ಮುಗಳ ದಾರಿ ಹೇಳಿ, ಪೆನ್ನು ತೆಗೆದಳು.

ಮೊದಲನೆಯ ಜಿಮ್ಮಿನಲ್ಲಿ ಹಾಡು ಹಾಕಿಕೊಂಡು ಗುದ್ದುತ್ತಿದ್ದ ಹೆಂಗಸರು ಇವನನ್ನು ಕಂಡು ಕಿಟಾರನೆ ಕಿರುಚಿದರು. ಅದು ಹೆಂಗಸರಿಗಷ್ಟೇ ಮೀಸಲು. ಎರಡನೆಯದು ಮುಚ್ಚಿ, ಅಲ್ಲೀಗ ವೃದ್ಧರ ಹಗಲುಮನೆ ನಡೆಯುತ್ತಿತ್ತು. ಅವರು ಪ್ರೀತಿಯಿಂದ ಇವನಿಗೂ ಕುರ್ಚಿಯ ವ್ಯಾಯಾಮ ಮಾಡಿಸಿ ಕಳಿಸಿದರು.

ಮೂರನೆಯದು ರೈಲು ಸೇತುವೆಯ ಕೆಳಗೆ. ಅದರ ಯಜಮಾನ ಮುದುಕ ಕುರೊಸು, ಸಂತೆಯಲ್ಲಿ ಎತ್ತು ನೋಡುವ ಹಾಗೆ ಇವನ ಸುತ್ತ ಒಂದು ಸುತ್ತು ಬಂದ.

"ತೂಕ ಎಷ್ಟು?"

"ಎಂಬತ್ತೆಂಟು ಕಿಲೋ. ಕ್ಷಮಿಸಬೇಕು."

ಕುರೊಸುವಿನ ಕಣ್ಣಲ್ಲಿ ನೀರು ಬಂತು. "ಎಲ್ಲಿದ್ರಿ ಸ್ವಾಮಿ ಇಷ್ಟು ದಿನ? ನಮ್ಮ ಬಾಕ್ಸರ್ ಓನಿಶಿ ತೊಂಬತ್ತು ಕಿಲೋ. ಅವನೆದುರು ನಿಂತು ಅಭ್ಯಾಸ ಮಾಡಿಸೋಕೆ ಮೂರು ವರ್ಷದಿಂದ ಒಬ್ಬ ಆಳು ಸಿಕ್ಕಿಲ್ಲ. ಇಲ್ಲಿ ಗ್ಲೌಸ್ ಹಾಕೋರೆಲ್ಲ ಐವತ್ತೈದು ಕಿಲೋ ಕಡ್ಡಿಗಳು!"

"ನಾನು ಇಳಿಸೋಕೆ ಬಂದಿದ್ದು..."

"ಇಳಿಸೋದಾ? ಒಂದೇ ಒಂದು ಕಿಲೋ ಇಳೀರಿ ನೋಡೋಣ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಹಿರಾಮಾ ಅಜ್ಜಿ, ಹಿಂದೆ ಮೀನಂಗಡಿಯವನು, ತೋಫು ಮಾರುವವನು. ಅಜ್ಜಿ ಹಲಗೆ ಎತ್ತಿ ಹಿಡಿದಳು: 'ನಮ್ಮ ಓಣಿಯ ನುಕಾಗಾ ಬಾಕ್ಸಿಂಗಿಗೆ ಇಳಿದಿದ್ದಾರೆ, ಎಲ್ಲರೂ ಬೆಂಬಲಿಸಿ.' ಕೆಳಗೆ ಸಹಿಯ ಬದಲು ಒತ್ತಿದ ಮೂವತ್ತೆರಡು ಮನೆಗಳ ಕೆಂಪು ಮುದ್ರೆ. ಮೂವತ್ತೆರಡು ಮುದ್ರೆಗಳ ಮುಂದೆ 'ಆಗಲ್ಲ' ಅನ್ನುವ ಎದೆಗಾರಿಕೆ ಆ ಓಣಿಯಲ್ಲಿ ಯಾರಿಗಿದೆ? ನುಕಾಗಾ ತಲೆಬಾಗಿಸಿದ. ಗ್ಲೌಸ್ ತೊಟ್ಟು ಮೂಲೆಯಲ್ಲಿ ಕಾಯುತ್ತಿದ್ದ ಓನಿಶಿ ಅದನ್ನೇ ಒಪ್ಪಿಗೆಯೆಂದುಕೊಂಡು ಪಕ್ಕೆಗೆ ಎರಡು ಬಿಗಿದ.

ಪಕ್ಕೆ ಹಿಡಿದುಕೊಂಡು ಮನೆ ಸೇರಿದವನಿಗೆ ಬಾಗಿಲಲ್ಲೇ ಸಾವಾಕೊ ಎದುರಾದಳು. "ಸುತ್ತೋಲೆ ಓದಿದೆ ರೀ. ಓಣಿಯ ಮರ್ಯಾದೆ ಪ್ರಶ್ನೆ. ಇನ್ಮೇಲೆ ನಿಮ್ಮ ಸೊಂಟದ ಸುದ್ದಿಗೆ ನಾನು ಬರಲ್ಲ."

ನುಕಾಗಾನಿಗೆ ನೋವೆಲ್ಲ ಮಾಯವಾಯಿತು. "ಹಾಗಾದ್ರೆ ಒಂದು ಬಿಯರ್?"

"ಅಯ್ಯೋ, ಬಾಕ್ಸರ್ ಕುಡೀಬಾರದಂತೆ! ಕುರೊಸು ಅವರೇ ಫೋನ್ ಮಾಡಿದ್ರು. ಹಿರಾಮಾ ಅಜ್ಜಿ ಎಲ್ಲಾ ಅಂಗಡಿಗೂ ಹೇಳಿ ಬಂದಿದ್ದಾರೆ. ಓನಿಶಿಯ ಪಂದ್ಯ ಮುಗಿಯೋವರೆಗೂ ನಿಮಗೆ ಯಾರೂ ಕೊಡಲ್ಲ."

"ಪಂದ್ಯ ಯಾವಾಗ?"

"ಎದುರಾಳಿ ಸಿಕ್ಕ ಮೇಲೆ," ಎಂದಳು ಸಾವಾಕೊ. "ಅಷ್ಟು ತೂಕದೋನು ದೇಶದಲ್ಲಿ ಇನ್ನೊಬ್ಬ ಇರಬೇಕಲ್ಲ!"