ಅರ್ಧ ಗಂಟೆಯ ಚೀಟಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವುದಾದರೂ ಒಳ್ಳೆಯ ಅಭ್ಯಾಸ ಹಿಡಿದರೆ ಅದನ್ನು ಊರಿಗೆಲ್ಲ ಸಾರದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಮುಂಜಾನೆ ಬಿಸಿನೀರು ಕುಡಿಯಲು ಶುರು ಮಾಡಿದ ವಾರವೇ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಗೂ ಬಿಸಿನೀರಿನ ಲೋಟ ಕೊಟ್ಟು ನಿಲ್ಲಿಸಿದವನು ನಾನು. ಸಕ್ಕರೆ ಬಿಟ್ಟಾಗ ಬೆಳಗಾವಿಯ ಕುಂದಾದ ಬಗ್ಗೆ ಎಂಥೆಂಥ ಮಾತಾಡಿದೆನೆಂದರೆ, ಮೂರನೆಯ ವಾರ ಅದೇ ಕುಂದಾವನ್ನು ಬಾಗಿಲು ಹಾಕಿಕೊಂಡು ತಿನ್ನಬೇಕಾಯಿತು. ಇಂಥ ನಾನು ಹೋದ ವರ್ಷ ದೇವರ ಮುಂದೆ ಸುಮ್ಮನೆ ಕೂರುವ ಅಭ್ಯಾಸ ಹಿಡಿದೆ. ಸುಮ್ಮನೆ ಕೂರುವುದರ ಬಗ್ಗೆ ಎಷ್ಟು ಮಾತಾಡಿರಬೇಕು, ನೀವೇ ಊಹಿಸಿಕೊಳ್ಳಿ.

ಖಾನಾಪುರದ ಕಡೆ ಒಂದು ಹೈಸ್ಕೂಲಿಗೆ ನಾನು ಹೆಡ್‌ಮಾಸ್ತರ. ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಹತ್ತನೆಯ ತರಗತಿಯ ಪರೀಕ್ಷೆಯ ಗಡಿಬಿಡಿಯೂ ಈಸ್ಟರಿಗೆ ಮುಂಚೆ ನಾವು ಉಪವಾಸ ಪ್ರಾರ್ಥನೆಯಲ್ಲಿ ಕಳೆಯುವ ಲೆಂಟಿನ ನಲವತ್ತು ದಿನಗಳೂ ಮಾತಾಡಿಕೊಂಡವರಂತೆ ಒಟ್ಟಿಗೇ ಬರುತ್ತವೆ. ಫಲಿತಾಂಶ ಎಷ್ಟು ಏರಿಸುತ್ತೀರಿ ಎಂದು ಮೇಲಿನವರು ಮೀಟಿಂಗಿನ ಮೇಲೆ ಮೀಟಿಂಗ್ ಕರೆಯುತ್ತಾರೆ. ಮಗ ಪಾಸಾಗುತ್ತಾನೋ ಇಲ್ಲವೋ ಎಂದು ಪಾಲಕರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಸ್ ನಿಲ್ದಾಣದಲ್ಲೇ ಹಿಡಿದು ಕೇಳುತ್ತಾರೆ. ಈಗ ಪರೀಕ್ಷೆಯ ಕೋಣೆಗಳಿಗೆಲ್ಲ ಕ್ಯಾಮೆರಾ ಬಂದಿದೆ. ಅದು ಹುಡುಗರನ್ನು ನೋಡಲು ಇಟ್ಟದ್ದು ಎನ್ನುತ್ತಾರೆ, ಆದರೆ ನಾನು ಎಲ್ಲಿ ನಿಂತರೂ ಅದು ನನ್ನನ್ನೇ ನೋಡುತ್ತದೆ. ಹೀಗೆ ನನಗೆ ಬಿಪಿ ಬಂತು. ಡಾಕ್ಟರು ಗುಳಿಗೆ ಬರೆದು, ದಿನಾ ಒಂದಿಷ್ಟು ಹೊತ್ತು ಮನಸ್ಸಿಗೆ ವಿಶ್ರಾಂತಿ ಕೊಡಬೇಕೆಂದರು. ಅದೇ ಭಾನುವಾರ ಕ್ಯಾಂಪಿನಲ್ಲಿರುವ ನಮ್ಮ ಚರ್ಚಿನಲ್ಲಿ ಪಾಸ್ಟರು, ಈ ದೇಹವೂ ದೇವರೇ ಕೊಟ್ಟದ್ದು, ಅದನ್ನು ದಣಿಸಿ ದಣಿಸಿ ಹಾಳುಮಾಡುವುದು ಭಕ್ತಿಯಲ್ಲ, ಲೆಂಟ್ ಮುಗಿಯುವವರೆಗಾದರೂ ಬೆಳಿಗ್ಗೆ ಅರ್ಧ ಗಂಟೆ ಆತನ ಮುಂದೆ ಮೌನವಾಗಿ ಕೂರಿರಿ ಎಂದು ಪ್ರಸಂಗ ಮಾಡಿದರು. ಡಾಕ್ಟರೂ ಪಾಸ್ಟರೂ ಒಂದೇ ವಾರದಲ್ಲಿ ಒಂದೇ ಮಾತು! ನನಗೆ ಮೈಮೇಲೆ ಮುಳ್ಳೆದ್ದವು. ಆರಾಧನೆ ಮುಗಿಯುವ ಮೊದಲೇ ಮನೆಯ ಮಾಳಿಗೆಯ ಮೇಲೆ ಕುರ್ಚಿ ಎಲ್ಲಿ ಹಾಕಬೇಕೆಂದು ನಿಶ್ಚಯ ಮಾಡಿಬಿಟ್ಟಿದ್ದೆ.

ಮರುದಿನ ಐದೂವರೆಗೇ ಹತ್ತಿ ಕೂತೆ. ಆಹಾ, ಎಂಥ ತಂಪು ಗಾಳಿ, ಎಂಥ ಮುಂಬೆಳಗು! ದೇವರ ವಾಕ್ಯ ಒಂದು ಅಧ್ಯಾಯ ಓದಿ ಕಣ್ಣು ಮುಚ್ಚಿದೆ. ಆಗ ತಿಳಿಯಿತು, ನಮ್ಮ ಮನೆ ಎಷ್ಟು ಸದ್ದಿನ ಮನೆ ಎಂದು. ಕೆಳಗೆ ನನ್ನ ಹೆಂಡತಿ ಸುಲೋಚನಾ ಪಟಪಟನೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಂಡಲಗಾದ ಒಂದು ದವಾಖಾನೆಯಲ್ಲಿ ಅವಳು ನರ್ಸು. ನನ್ನ ಡಬ್ಬಿ, ಅವಳ ಡಬ್ಬಿ, ನಮ್ಮವ್ವನ ಗಂಜಿ ಎಲ್ಲ ಮುಗಿಸಿ ಎಂಟೂವರೆಗೆ ಮನೆ ಬಿಡಬೇಕು. ಅದರ ಮೇಲೆ ನಳಕ್ಕೆ ನೀರು ಬರುವ ದಿನವಾದರೆ ಬ್ಯಾರಲ್ಲು ತುಂಬುವ ಸಪ್ಪಳ, ಜೊತೆಗೆ ಮೊಳಕಾಲು ನೋವಿನ ನಮ್ಮವ್ವನ ಕೂಗು. ಇವೆಲ್ಲ ನನ್ನ ಮೌನಕ್ಕೆ ತೊಂದರೆಯೆಂದು ಮನೆಯವರಿಗೆ ತಿಳಿಸಿ ಹೇಳಿದೆ. ಅಂದಿನಿಂದ ಸುಲೋಚನಾ ರೊಟ್ಟಿ ಬಿಟ್ಟು ಸದ್ದಿಲ್ಲದ ಚಪಾತಿಗೆ ಇಳಿದಳು. ಅವ್ವ ಕೂಗುವ ಮೊದಲೇ ಅವಳ ಹತ್ತಿರ ಓಡಿದಳು, ನಳದ ಕೆಳಗೆ ಬಟ್ಟೆಯ ತುಂಡು ಹಾಕಿ ಸದ್ದಾಗದಂತೆ ಬ್ಯಾರಲ್ಲು ತುಂಬಿದಳು, ಆರಕ್ಕೆ ಸರಿಯಾಗಿ ಚಹ ತಂದು ಕುರ್ಚಿಯ ಬಾಜೂಕ್ಕೆ ಇಟ್ಟು ಹೋದಳು. ಒಂದೆರಡು ಸಲ ಏನೋ ಹೇಳಲು ನಿಂತಳು. ನಾನು ಕಣ್ಣು ಮುಚ್ಚಿಕೊಂಡೇ, ಪಾಠದ ನಡುವೆ ಬಂದ ಜವಾನನಿಗೆ ತೋರಿಸುವಂತೆ ಒಂದು ಬೆರಳು ಎತ್ತಿದೆ. ಅವಳು ಇಳಿದು ಹೋದಳು. ನನಗೆ ಬಹಳ ಶಾಂತಿ ಸಿಗತೊಡಗಿತು.

ಇನ್ನು ಚೀಟಿಯ ವಿಷಯ. ನಮ್ಮ ಚರ್ಚಿನಲ್ಲಿ ಲೆಂಟಿನ ಮೊದಲ ಭಾನುವಾರ ಪ್ರತಿಯೊಬ್ಬರೂ ತಮ್ಮ ಒಂದು ಬೇಡಿಕೆಯನ್ನು ಹೆಸರಿಲ್ಲದೆ ಬರೆದು ಪಾಸ್ಟರಮ್ಮನವರಿಗೆ ಕೊಡುವ ಪದ್ಧತಿ ಇದೆ. ಅಕ್ಷರದ ಗುರುತು ಸಿಗಬಾರದೆಂದು ಅವರು ಎಲ್ಲವನ್ನೂ ತಮ್ಮ ದುಂಡು ಅಕ್ಷರದಲ್ಲಿ, ತಮ್ಮದೇ ಶುದ್ಧ ಭಾಷೆಯಲ್ಲಿ ಮತ್ತೆ ಬರೆದು ಬುಟ್ಟಿಗೆ ಹಾಕುತ್ತಾರೆ. ಮುಂದಿನ ಭಾನುವಾರ ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಿ, ಯಾರದೆಂದು ತಿಳಿಯದೆ, ತಿಳಿಯಲು ಹೋಗದೆ, ಈಸ್ಟರಿನವರೆಗೆ ದಿನಾ ಪ್ರಾರ್ಥಿಸಬೇಕು. ನನಗೆ ಬಂದ ಚೀಟಿಯಲ್ಲಿ ಹೀಗಿತ್ತು: ‘ಬಹಳ ದಣಿದಿರುವ ಒಬ್ಬ ಸಹೋದರಿಗೆ ದಿನದಲ್ಲಿ ಅರ್ಧ ಗಂಟೆ ಒಬ್ಬಳೇ ಕುಳಿತು ದೇವರೊಂದಿಗೆ ಇರಲು ಸಮಯ ದೊರೆಯಲಿ.’ ಓದಿ ನನ್ನ ಕಣ್ಣು ತುಂಬಿ ಬಂತು. ಬರೀ ಅರ್ಧ ಗಂಟೆ! ಮೌನದ ರುಚಿ ಹತ್ತಿದ ನನ್ನ ಕೈಗೇ ಈ ಚೀಟಿ ಬರಬೇಕೆಂದರೆ ಇದು ಸುಮ್ಮನೆ ಅಲ್ಲ, ದೇವರೇ ಆರಿಸಿ ಕೊಟ್ಟದ್ದು ಎಂದು ಉಬ್ಬಿಹೋದೆ.

ಉಬ್ಬಿದವನು ಸುಮ್ಮನಿರುತ್ತೇನೆಯೇ? ಆ ಸಹೋದರಿಗಾಗಿ ನನ್ನ ಅರ್ಧ ಗಂಟೆ ಸಾಲದೆಂದು ಒಂದು ಗಂಟೆ ಕೂರತೊಡಗಿದೆ. ಪಾಪದ ಜೀವ ಯಾರಿರಬಹುದು ಎಂದು ತಿಳಿಯಲು ಹೋಗಬಾರದು ನಿಜ, ಆದರೂ ಅವಳ ಗಂಡ ಎಂಥವನಿರಬಹುದು ಎಂಬ ಬಗ್ಗೆ ಮಾತಾಡಬಾರದೆಂದು ನಿಯಮವೇನೂ ಇರಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಜೊತೆಯ ಮಾಸ್ತರರಿಗೆ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೆಸರಿಲ್ಲದ ಚೀಟಿಯ ಗುಟ್ಟು ಮನೆಯಲ್ಲಿ ಒಡೆಯಬಾರದೆಂದು, ಚೀಟಿಯ ಮಾತೆತ್ತದೆ, ಊಟಕ್ಕೆ ಕೂತಾಗ ಸುಲೋಚನಾಗೂ ಹೇಳಿದೆ. ಕೆಲವು ಗಂಡಸರು ಹೆಂಡತಿಗೆ ಉಸಿರಾಡಲೂ ಬಿಡುವುದಿಲ್ಲ, ಅಂಥವರಿಗೆ ನಾಚಿಕೆ ಎಂಬುದಿಲ್ಲವೇ ಎಂದೆ. ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಪಲ್ಯ ಹಾಕಲೇ ಎಂದು ಕೇಳಿದಳು. ಹಾಕು ಎಂದೆ.

ಅವ್ವನಿಗೆ ಮಾತ್ರ ನನ್ನ ಭಕ್ತಿ ಅಷ್ಟಾಗಿ ಹಿಡಿಸಿರಲಿಲ್ಲ. ಒಂದು ದಿನ ಮಾಳಿಗೆ ಇಳಿದು ಬರುವಾಗ ಮೆಟ್ಟಿಲ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದಳು. “ಏನಪಾ ಸಾಮುವೇಲಾ, ದೇವ್ರು ಮ್ಯಾಲ ಅಷ್ಟ ಅದಾನೇನು? ಕೆಳಗೂ ಒಮ್ಮಿ ನೋಡಪಾ” ಎಂದಳು. ವಯಸ್ಸಾದವರಿಗೆ ಧ್ಯಾನ ತಿಳಿಯುವುದಿಲ್ಲವೆಂದುಕೊಂಡು ಸ್ನಾನಕ್ಕೆ ನಡೆದೆ.

ಪರೀಕ್ಷೆಯೂ ಮುಗಿಯಿತು, ಈಸ್ಟರೂ ಬಂತು. ಅದರ ಮರುವಾರ ಸಾಕ್ಷಿಯ ಭಾನುವಾರ. ಯಾರ ಬೇಡಿಕೆ ಫಲಿಸಿದೆಯೋ ಅವರು ಎದ್ದು ನಿಂತು ಹೇಳುವ ದಿನ. ನನಗಂತೂ ಶನಿವಾರದಿಂದಲೇ ತಡೆಯಲಾಗುತ್ತಿರಲಿಲ್ಲ. ನನ್ನ ಸಹೋದರಿ ಎದ್ದು ನಿಂತು ಅರ್ಧ ಗಂಟೆ ಸಿಕ್ಕಿತೆಂದು ಹೇಳುವಾಗ ಯಾವ ಮುಖ ಮಾಡಿಕೊಂಡು ಕೂರಬೇಕೆಂದು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೂ ಇದ್ದೆ. ಚರ್ಚಿನಲ್ಲಿ ಒಬ್ಬರಿಗೆ ಕಾಲು ವಾಸಿಯಾಗಿತ್ತು, ಒಬ್ಬರ ಮಗಳ ಮದುವೆ ಗೊತ್ತಾಗಿತ್ತು, ಒಬ್ಬರಿಗೆ ಕಾರವಾರಕ್ಕೆ ವರ್ಗವಾಗುವುದು ತಪ್ಪಿತ್ತು. ಪ್ರತಿ ಸಾಕ್ಷಿಗೂ ಸ್ತೋತ್ರ, ಸ್ತೋತ್ರ ಎಂದೆವು. ನನ್ನ ಸಹೋದರಿ ಮಾತ್ರ ಏಳಲೇ ಇಲ್ಲ. ಪಾಸ್ಟರು ಇನ್ನೇನು ಹಾಡಿನ ನಂಬರು ಹೇಳಬೇಕು, ನಾನೇ ಎದ್ದು ನಿಂತೆ.

ಎದ್ದವನು ಚಿಕ್ಕದಾಗಿ ಹೇಳಿದೆನೆಂದು ಹೇಳಲಾರೆ. ಅರ್ಧ ಗಂಟೆ ಬೇಡಿದ ಸಹೋದರಿಯ ಚೀಟಿ ನನಗೇ ಬಂದಿತ್ತು, ಅವಳಿಗಾಗಿ ನಾನು ಒಂದು ದಿನವೂ ತಪ್ಪದೆ ಮಾಳಿಗೆಯ ಮೇಲೆ ಒಂದು ಗಂಟೆ ಕೂತು ಪ್ರಾರ್ಥಿಸಿದ್ದೇನೆ, ನಾಚಿಕೆ ಬೇಡ, ಅವಳು ಯಾರೇ ಇರಲಿ ಎದ್ದು ಸಾಕ್ಷಿ ಹೇಳಬೇಕು ಎಂದು ಅದು ಚರ್ಚಲ್ಲ, ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲು ಎಂಬಂತೆ ಗಟ್ಟಿಯಾಗಿ ಹೇಳಿದೆ. ಪಾಸ್ಟರಮ್ಮನವರು ತಲೆ ತಗ್ಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರಾಗಿ ಕತ್ತು ತಿರುಗಿಸತೊಡಗಿದರು. ಎಲ್ಲ ಕತ್ತುಗಳೂ ಒಂದೇ ಕಡೆ ತಿರುಗಿದವು. ಅಲ್ಲಿಂದ ಸುಲೋಚನಾ ಎದ್ದು ನಿಂತಳು.

“ಇನ್ನೂ ಸಿಕ್ಕಿಲ್ರಿ” ಎಂದಳು ಪಾಸ್ಟರ ಕಡೆ ನೋಡಿ. “ಪ್ರಾರ್ಥನಿ ಮಾಡೋರು ಮಾಳಿಗಿ ಇಳದು ಬಂದ್ರ ಸಿಗತೈತಿ ಅನಸ್ತದ್ರಿ.”

ಸ್ತೋತ್ರ ಎನ್ನಬೇಕೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ. ಅವ್ವ ಒಬ್ಬಳೇ ಗಟ್ಟಿಯಾಗಿ ಸ್ತೋತ್ರ ಎಂದಳು. ನಾನು ಕನ್ನಡಿಯಲ್ಲಿ ನೋಡಿಟ್ಟುಕೊಂಡ ಮುಖ ಎಲ್ಲಿ ಹೋಯಿತೋ, ಬೆಂಚಿನ ಮೇಲೆ ಕುಸಿದು ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದೆ. ಪುಸ್ತಕ ತಲೆಕೆಳಗಾಗಿತ್ತಂತೆ. ಅದನ್ನೂ ಪಕ್ಕದವರು ಸರಿಮಾಡಿ ಕೊಟ್ಟರು.

ಮನೆಗೆ ಬಂದಮೇಲೆ, ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಅವಳಿಗೆ ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ಹೇಳಾಕಂತ ಎರಡ ಸಲ ಮ್ಯಾಲ ಬಂದಿದ್ನಿರಿ. ನೀವು ಬೆರಳ ಎತ್ತಿದ್ರಿ” ಎಂದಳು. ಹಾಗಾದರೆ ಅವಳಿಗೆ ಬಂದ ಚೀಟಿಗೆ ಅವಳು ಯಾವಾಗ ಪ್ರಾರ್ಥಿಸುತ್ತಿದ್ದಳು ಎಂದು ಕೇಳಿದೆ. ಮೊದಲಿನಿಂದಲೂ ರೊಟ್ಟಿ ಬಡಿಯುವಾಗಲೇ ಅವಳ ಪ್ರಾರ್ಥನೆಯಂತೆ. ಒಂದೊಂದು ರೊಟ್ಟಿಗೆ ಒಬ್ಬೊಬ್ಬರ ಹೆಸರಂತೆ. ಆ ಸದ್ದಿನಲ್ಲಿ ಯಾರೂ ಮಾತಾಡಿಸಲು ಬರುತ್ತಿರಲಿಲ್ಲವಂತೆ, ಚಪಾತಿ ಶುರುವಾದಮೇಲೆ ಅವ್ವನೂ ನೆರೆಯವರೂ ಎಲ್ಲರೂ ಮಾತಾಡಿಸತೊಡಗಿದರಂತೆ. ನನಗೆ ನಿಜವಾಗಿ ಅಳು ಬಂತು. ಐದು ವಾರ ದೇವರ ಕಿವಿಯಲ್ಲಿ ಅವಳಿಗೆ ಸಮಯ ಕೊಡು ಎಂದು ಕೂಗಿದೆ, ಆ ಸಮಯವನ್ನೆಲ್ಲ ನನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಮರುದಿನ ಐದೂವರೆಗೆ ನಾನೇ ಅವಳನ್ನು ಎಬ್ಬಿಸಿ, ಕೈಗೆ ಚಹ ಕೊಟ್ಟು, ಮಾಳಿಗೆಗೆ ಕಳಿಸಿದೆ. ಅಡುಗೆಮನೆಗೆ ಬಂದು ಹಿಟ್ಟು ನಾದಿದೆ. ಏನು ಹುರುಪು ನನಗೆ! ಪ್ರಾರ್ಥನೆಗೆ ಮಾಳಿಗೆಯೇ ಏಕೆ, ಒಲೆಯ ಮುಂದೆಯೂ ಆಗುತ್ತದೆ, ಇದನ್ನು ಇವತ್ತೇ ಸ್ಟಾಫ್ ರೂಮಿನಲ್ಲಿ ಗಂಡಸರಿಗೆಲ್ಲ ತಿಳಿಸಿ ಹೇಳಬೇಕು, ಪಾಸ್ಟರಿಗೆ ಹೇಳಿ ಒಂದು ಪ್ರಸಂಗವನ್ನೇ ಇಡಿಸಬೇಕು ಎಂದು ಆಗಲೇ ಮನಸ್ಸಿನಲ್ಲಿ ಭಾಷಣ ಶುರುವಾಗಿತ್ತು. ಮೊದಲ ಮೂರು ರೊಟ್ಟಿ ಹರಿದವು. ನಾಲ್ಕನೆಯದು, ನಂಬಿ, ಹೆಂಚಿನ ಮೇಲೆ ಗುಂಡಗೆ ಉಬ್ಬಿ ನಿಂತಿತು! ಹಿಟ್ಟಿನ ಕೈಯಲ್ಲೇ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ.

ಸುಲೋಚನಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಾನು ಬಾಯಿ ತೆರೆದೆ. ಅವಳು ಕಣ್ಣು ತೆರೆಯದೆ ಒಂದು ಬೆರಳು ಎತ್ತಿದಳು.

ಇಳಿದು ಬಂದೆ. ಕೋಣೆಯಿಂದ ಅವ್ವ ಬಿಸಿನೀರು ಎಂದು ಕೂಗುತ್ತಿದ್ದಳು, ನಳಕ್ಕೆ ನೀರು ಬಂದು ಬ್ಯಾರಲ್ಲು ತುಂಬಿ ಹರಿಯುತ್ತಿತ್ತು, ಉಬ್ಬಿದ ರೊಟ್ಟಿ ಕಪ್ಪಾಗಿತ್ತು. ಒಂದು ಗಂಟೆ ಕೂತರೂ ಸಾಲದು ಎನ್ನುತ್ತಿದ್ದ ನಾನು ಗಡಿಯಾರ ನೋಡಿದೆ. ಅವಳ ಅರ್ಧ ಗಂಟೆ ಮುಗಿಯಲು ಇನ್ನೂ ಹದಿನೇಳು ನಿಮಿಷ ಇತ್ತು.